ದೊರೆಸಾನಿಯ ಕಾಸಿನ ಸರ

“ಆ ಸರ ಮುಟ್ಟಬ್ಯಾಡ ಕಣವ್ವ. ಮುಟ್ಟಿದ್ರೂ ಕೊರಳಿಗೆ ಹಾಕಬ್ಯಾಡ. ಹಾಕಿದ್ರೂ ನಾಕು ಜನದ ಕಣ್ಣಿಗೆ ಬೀಳಬ್ಯಾಡ,” ಎಂದಳು ಅರಮನೆಯ ಅಡುಗೆಯ ದ್ಯಾವಮ್ಮ.

ಮಾಲಿನಿ ನಕ್ಕಳು. ನಾಕಲ್ಲ, ನಾಕು ಲಕ್ಷ ಜನರ ಕಣ್ಣಿಗೆ ಬೀಳಲೆಂದೇ ಅವಳು ಜಾವಗಲ್‌ಗೆ ಬಂದಿದ್ದಳು. ಆ ವರ್ಷ ಯಾವುದೋ ದೇಶದ ರಾಜಕುಮಾರಿ ಕಾರಿನಲ್ಲಿ ಸತ್ತಿದ್ದಳು. ಸ್ವಂತ ಅತ್ತೆ ಸತ್ತಾಗ ಕಣ್ಣು ಒದ್ದೆಯಾಗದವರೂ ಅವಳ ಫೋಟೋ ಕತ್ತರಿಸಿಟ್ಟುಕೊಂಡು ಅತ್ತಿದ್ದರು. ಜನ ಅಂದರೆ ಹಾಗೆ ನೋಡಿ! ನಮ್ಮದೇ ಒಬ್ಬ ರಾಣಿಯನ್ನು ಹುಡುಕಿ ಮುಖಪುಟಕ್ಕೆ ತಂದರೆ ಕೆಲಸ ಖಾಯಂ ಎಂದಿದ್ದ ವಾರಪತ್ರಿಕೆಯ ಸಂಪಾದಕ. ರೈಲ್ವೆಯಲ್ಲಿದ್ದ ಗಂಡನ ಜೊತೆ ಹೊಸದಾಗಿ ಅರಸೀಕೆರೆಗೆ ಬಂದಿದ್ದ ಮಾಲಿನಿಗೆ ಆ ಕೆಲಸ ಬೇಕಿತ್ತು. ಮನೆಯಲ್ಲಿ ಪುಟ್ಟ ಮಗಳು ಸಿರಿ. ಅಮ್ಮನ ಕೆನ್ನೆಗೆ ಅಂಗೈ ಒತ್ತಿಕೊಳ್ಳದೆ ಆ ಕೂಸು ಮಲಗುತ್ತಿರಲಿಲ್ಲ.

ಜನ ಅರಮನೆ ಎನ್ನುತ್ತಿದ್ದದ್ದು ಹೆಂಚು ಕುಸಿದ ತೊಟ್ಟಿ ಮನೆಯನ್ನು. ಒಳಗೆ ಬಾವಲಿ ಹಿಕ್ಕೆಯ, ಕಮಟು ಎಣ್ಣೆಯ ವಾಸನೆ. ನಡುಕೋಣೆಯ ಕತ್ತಲಲ್ಲಿ, ಬಿದಿರು ತಡಿಕೆಯ ಹಿಂದೆ, ಪಾಳೆಯಗಾರರ ವಂಶದ ಕೊನೆಯ ದೊರೆಸಾನಿ ಕಮಲಾಕ್ಷಮ್ಮ ಕೂತಿದ್ದಳು. ದೊರೆಯ ಮೊದಲ ಹೆಂಡತಿ ಆ ಸರಕ್ಕೆ ಮಾಟ ಮಾಡಿಸಿದ್ದಳಂತೆ. ತೊಟ್ಟವಳನ್ನು ಊರು ಕಣ್ತುಂಬ ನೋಡಲಿ, ನೋಡಿದಲ್ಲೆಲ್ಲ ಅವಳ ಮೈ ಸಾಯಲಿ. ಮದುವೆ ಮೆರವಣಿಗೆಯಲ್ಲಿ, ಆ ಸರ ತೊಟ್ಟು ಎರಡನೆಯವಳಾಗಿ ಬಂದ ಕಮಲಾಕ್ಷಮ್ಮನನ್ನು ಊರಿಗೆ ಊರೇ ನೋಡಿತು. ಅಂದಿನಿಂದ ಕೆಂಡ ತಾಗಿದರೂ ಆಕೆಗೆ ತಿಳಿಯದು ಎಂದು ದ್ಯಾವಮ್ಮ ಹೇಳಿದಳು.

ದೊರೆಸಾನಿ ಫೋಟೋಗೆ ಒಪ್ಪಲೇ ಇಲ್ಲ. ಕೊನೆಗೆ ಮಾಲಿನಿ ಉಪಾಯ ತೆಗೆದಳು. ಸರ ನಾನೇ ತೊಟ್ಟು ನಿಲ್ಲುತ್ತೇನೆ, ವಂಶದ ಕುಡಿ ಎಂದು ಬರೆದರಾಯಿತು, ಕೊಡಿ ಎಂದಳು. ತಡಿಕೆಯ ಹಿಂದಿನಿಂದ ಸುಟ್ಟ ಕಲೆಗಳ ಕೈಯೊಂದು ಸರ ಹಿಡಿದು ಹೊರಬಂತು.

“ನೀನಾಗಿ ಕೇಳ್ದೆ ಕಣವ್ವ,” ಎಂದಳು ದೊರೆಸಾನಿ.

ಸರ ತಣ್ಣಗಿತ್ತು. ಜೊತೆಗೆ ಬಂದಿದ್ದ ಸಂತೋಷ್‌ನ ಕ್ಯಾಮೆರಾ ಮಿಂಚಿತು. ಮಾಲಿನಿ ಸರ ಬಿಚ್ಚಿ ಹಿಂದಿರುಗಿಸಿ ಬಸ್ಸು ಹತ್ತಿದಳು.

ಪತ್ರಿಕೆ ಬಂದ ದಿನ ಮಾಲಿನಿಯ ಬೆರಳ ತುದಿ ಜೋಮು ಹಿಡಿಯಿತು. ಕ್ಷೌರದಂಗಡಿಯಲ್ಲಿ ಅವಳ ಮುಖ, ಹೋಟೆಲಿನ ಗೋಡೆಯ ಮೇಲೆ ಅವಳ ಮುಖ. ದೊರೆಸಾನಿ ಹೋಗ್ತಾವ್ಳೆ ಎಂದು ಜನ ಬೀದಿಗೆ ಬಂದು ನಿಂತರು. ಮೊಣಕೈ ಸತ್ತಿತು. ಬಿಸಿ ಕಾಫಿ ನಾಲಿಗೆಗೆ ತಣ್ಣೀರಾಯಿತು. ಅತ್ತೆ ರುಕ್ಮಿಣಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಹಿಡಿ ಮೆಣಸಿನಕಾಯಿ ಸುಟ್ಟು ಕರಕಾಯಿತು. ಘಾಟಿಲ್ಲ. ಯಾರೂ ಕೆಮ್ಮಲಿಲ್ಲ. ಆ ರಾತ್ರಿ ಸಿರಿ ಕೆನ್ನೆಗೆ ಅಂಗೈ ಒತ್ತಿದ್ದು ಮಾಲಿನಿಗೆ ಕಂಡಿತು, ತಾಗಲಿಲ್ಲ.

ಮರುದಿನ ಅವಳು ಜಾವಗಲ್‌ಗೆ ಓಡಿದಳು. ಬಸ್ಸಿನ ತುಂಬ ಕಣ್ಣು. ಕತ್ತು ಹೋಯಿತು. ಬೆನ್ನು ಹೋಯಿತು. ಅರಮನೆಯ ಜಗುಲಿಯ ಮೇಲೆ, ಎಳೆಬಿಸಿಲಲ್ಲಿ, ಕಮಲಾಕ್ಷಮ್ಮ ತೋಳು ಸವರಿಕೊಳ್ಳುತ್ತ ಅಳುತ್ತಿದ್ದಳು.

“ಬಿಸ್ಲು ಚುರುಗುಟ್ತೈತೆ ಕಣೇ,” ಎಂದು ದ್ಯಾವಮ್ಮನಿಗೆ ಹೇಳುತ್ತಿದ್ದಳು.

ಮಾಲಿನಿ ಕಾಲಿಗೆ ಬಿದ್ದಳು. ಇನ್ನೊಬ್ಬಳು ತಾನಾಗಿ ಕೇಳಿ, ತೊಟ್ಟು, ಕಂಡವರಿಂದ ಹೊಗಳಿಸಿಕೊಂಡರೆ ಮಾತ್ರ ಬಿಡುಗಡೆ, ಸರ ಬಿಸಾಕಿದರೆ ಅದೂ ಇಲ್ಲ ಎಂದು ಕಮಲಾಕ್ಷಮ್ಮ ತಣ್ಣಗೆ ಹೇಳಿದಳು.

“ತಗಾ, ಇಟ್ಕೊ. ಕೇಳೋರು ಬಂದೇ ಬತ್ತಾರೆ.”

ಮನೆಗೆ ಬಂದು ಮಾಲಿನಿ ಸರವನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೊರಗಿದಳು. ಭಯವೂ ಮರಗಟ್ಟಿತ್ತು. ಸಿರಿ ಬಂದು ಪಕ್ಕ ಕೂತಳು. ಕಾಸುಗಳನ್ನು ಒಂದೊಂದಾಗಿ ಮುಟ್ಟಿದಳು.

“ಅಮ್ಮಾ, ಇದು ನಂಗೆ ಕೊಡಮ್ಮ.”

ಬೇಡ ಎನ್ನಬೇಕು. ತುಟಿ ಆಡಲಿಲ್ಲ. ಕಿತ್ತುಕೊಳ್ಳಬೇಕು. ಕೈ ಏಳಲಿಲ್ಲ. ಕೂಸು ಸರವನ್ನು ತಲೆಯ ಮೇಲಿಂದ ಇಳಿಸಿಕೊಂಡಿತು. ಅಮ್ಮಾ, ನೋಡು ಎಂದಿತು. ಮಾಲಿನಿ ಕಣ್ಣು ಬಿಗಿಯಾಗಿ ಮುಚ್ಚಿದಳು. ನೋಡಲಿಲ್ಲ. ನೋಡಲೇ ಇಲ್ಲ.

ಬಾಗಿಲಲ್ಲಿ ಅತ್ತೆಯ ಬಳೆ ಸದ್ದಾಯಿತು. “ಎಷ್ಟು ಚೆಂದ ಕಾಣ್ತಾಳೆ ನೋಡು, ನಮ್ಮನೆ ರಾಣಿ!”

ಸಿರಿ ನಗುತ್ತ ಅಮ್ಮನ ಕೆನ್ನೆಗೆ ಅಂಗೈ ಒತ್ತಿದಳು. ಬೆಚ್ಚಗಿತ್ತು.