ಮೂರು ಹೆಡ್‌ಫೋನು, ಒಂದೇ ಗಂಟು

ಚಿಂತಾಮಣಿಯ ಆವುಲಪ್ಪನ ಗಡಿಯಾರ ರಿಪೇರಿ ಅಂಗಡಿಗೆ ಕೆಟ್ಟ ಗಡಿಯಾರಗಳಿಗಿಂತ ಕೆಟ್ಟ ಸುದ್ದಿಗಳೇ ಹೆಚ್ಚಾಗಿ ಬರುತ್ತಿದ್ದವು. ಓಲೆ ಕಳುವಾದರೂ ಅವನೇ ಬೇಕು, ಎಮ್ಮೆ ಕಾಣೆಯಾದರೂ ಅವನೇ ಬೇಕು. ಅಂಚೆ ಹಂಚಿ ನಿವೃತ್ತರಾಗಿ ಆ ಅಂಗಡಿಯ ಬೆಂಚು ಸವೆಸುತ್ತಿದ್ದ ವೆಂಕಟರಾಮಪ್ಪನವರಿಗೆ ಗೆಳೆಯನ ತಲೆಯ ಮೇಲೆ ಎಂಥ ಅಭಿಮಾನವೆಂದರೆ, ಯಾರಾದರೂ ಗಂಟೆ ಕೇಳಿದರೂ "ಆವುಲಪ್ಪನ್ನ ಕೇಳಿ" ಎನ್ನುತ್ತಿದ್ದರು.

೧೯೬೧ರ ಒಂದು ಸೋಮವಾರ ಬೆಳಿಗ್ಗೆ ಗೌರಿಬಿದನೂರಿನ ಕಡಲೆಕಾಯಿ ಬೆಳೆಗಾರರ ಮನೆಯ ಕದಿರಮ್ಮ ಕಣ್ಣೊರೆಸಿಕೊಳ್ಳುತ್ತ ಬಂದಳು. ಅವಳು ಚಿಂತಾಮಣಿಯಲ್ಲೇ ಉಳಿದು ಮುನಿನಾರಾಯಣಪ್ಪ ಮೇಷ್ಟ್ರ ಮನೆಯಲ್ಲಿ 'ಕಟ್ಟುಕಡ' ಸದ್ದಿನಿಂದ ತಂತಿ ಸಂದೇಶ ಕಳಿಸುವ, ಕೇಳಿ ಬರೆದುಕೊಳ್ಳುವ ವಿದ್ಯೆ ಕಲಿಯುತ್ತಿದ್ದಳು. ಬುಧವಾರ ಅವಳಿಗೆ ಕೆಲಸದ ಪರೀಕ್ಷೆ.

"ಅಣ್ಣಾ, ಕ್ಲಾಸಿನ ಮೂರು ಹೆಡ್‌ಫೋನೂ ಸತ್ತೋಗವೆ. ನಾನೇ ಕೆಡ್ಸಿದ್ದು ಅಂತ ಮೇಷ್ಟ್ರು ನನ್ನ ಪರೀಕ್ಷೆಗೆ ಕಳ್ಸಲ್ವಂತೆ."

"ನಿನ್ ಮೇಲೇ ಯಾಕಮ್ಮ ಅನುಮಾನ?"

"ಶನಿವಾರ ಜಗಳ ಆಡ್ಬಿಟ್ಟಿದ್ದೆ. ಯಾವ್ದೋ ಮಿಲಿಟ್ರಿ ಹಳೇ ಮಾಲು, ವೈರೆಲ್ಲ ಜಿಡ್ಡು. ಕತ್ತಿಗೆ ತಾಕಿ ಗಂದೆ ಎದ್ದಿತ್ತು. ಬಿಸಾಕಿ ಇವನ್ನ ಅಂದಿದ್ದೆ. ಇವತ್ತು ಬೀಗ ತೆಗೆದವ್ಳೂ ನಾನೇ."

ಆವುಲಪ್ಪ ಅಂಗಡಿ ಮುಚ್ಚಿದ. ವೆಂಕಟರಾಮಪ್ಪನವರು ಹಿಂದೆಯೇ ಹೊರಟರು.

ಮೇಷ್ಟ್ರ ಮನೆಯ ಮುಂದಿನ ಕೋಣೆಯೇ ಕ್ಲಾಸು. ಬೀದಿ ಬಾಗಿಲಿಗೆ ಬೀಗ, ಮನೆಯ ಕಡೆಯ ಬಾಗಿಲಿಗೆ ಬರೀ ಚಿಲಕ. ಮೇಷ್ಟ್ರ ಹೆಂಡತಿ ಕೊಂಡಮ್ಮ, ಮೇಲೂರಿನ ರೇಷ್ಮೆ ಬಿಚ್ಚುವ ಮನೆಯಲ್ಲಿ ಹುಟ್ಟಿ ಬೆಳೆದವರು, ಕಾಫಿ ಇಟ್ಟು ಆ ಬಾಗಿಲಲ್ಲೇ ನಿಂತುಕೊಂಡರು. ಮೇಷ್ಟ್ರ ಮುಖವಂತೂ ಗಂಟಿಕ್ಕಿಕೊಂಡಿತ್ತು.

ಆವುಲಪ್ಪ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಒಂದು ಹೆಡ್‌ಫೋನ್ ಎತ್ತಿಕೊಂಡ. ಸುತ್ತಿಟ್ಟ ವೈರಿನ ಎಳೆಗಳ ನಡುನಡುವೆ ಬಿಳಿ ದಾರ ತೂರಿಸಿ ಮೂರು ಕಡೆ ಅಡ್ಡಗಂಟು ಹಾಕಿತ್ತು. ಉಳಿದ ಎರಡಕ್ಕೂ ಅದೇ ಗಂಟು. ಜಿಡ್ಡಿನಲ್ಲಿ ಮುಚ್ಚಿಹೋಗಿದ್ದ ನೂಲಿನ ಹೊದಿಕೆಯ ಕೆಂಪು ಗೆರೆ ಈಗ ಎದ್ದು ಕಾಣುತ್ತಿತ್ತು. ಅವನು ವೈರನ್ನು ಮೂಸಿ ನೋಡಿದ. ವೈರಿನ ತುದಿಯ ಪಿನ್ನಿನ ತಿರುಪು ಬಿಚ್ಚಿದರೆ ಒಂದು ಹನಿ ನೀರು ಅಂಗೈಗೆ ಬಿತ್ತು.

"ಕದಿರಮ್ಮ, ಈ ದಾರದಲ್ಲಿ ಇದನ್ನ ಕಟ್ಟಮ್ಮ."

ಅವಳು ಸೌದೆ ಹೊರೆಗೆ ಹಾಕುವಂತೆ ಎರಡು ಸುತ್ತು ಬಿಗಿದು ಗಂಟು ಹಾಕಿದಳು. ಆವುಲಪ್ಪ ಮುಗುಳ್ನಕ್ಕ. ಆ ನಗು ಕಂಡ ಕೂಡಲೇ ವೆಂಕಟರಾಮಪ್ಪನವರಿಗೆ ಕೇಸು ಮುಗಿಯಿತೆಂದು ಗೊತ್ತಾಯಿತು. ಹೇಗೆ ಮುಗಿಯಿತೆಂದು ಮಾತ್ರ ದೇವರಾಣೆ ಗೊತ್ತಾಗಲಿಲ್ಲ.

"ಎಲ್ರೂ ಕೂತ್ಕಳಿ. ಕೊಂಡಮ್ಮನೋರೇ, ನೀವೂ ಬನ್ನಿ," ಎಂದ ಆವುಲಪ್ಪ. "ಮೇಷ್ಟ್ರೇ, ಕೆಡಿಸ್ಬೇಕು ಅನ್ನೋರಿಗೆ ಒಂದು ಕತ್ತರಿ ಸಾಕಿತ್ತು. ಇಲ್ಲಿ ಯಾರೋ ಸೋಪುನೀರಲ್ಲಿ ಮುಳುಗ್ಸಿ, ಹಿಂಡಿ, ನೆರಳಲ್ಲಿ ಒಣಗಿಸಿ, ಜೋಪಾನವಾಗಿ ಕಟ್ಟವ್ರೆ. ಇದು ಅಕ್ಕರೆಯ ಕೆಲಸ. ಮೇಲೆ ಒಣಗೈತೆ, ಒಳಗೆ ನೀರು ಕೂತೈತೆ. ಇನ್ನು ಗಂಟು. ರೇಷ್ಮೆ ನೂಲಿನ ಲಡಿ ಸಿಕ್ಕಾಗದ ಹಾಗೆ ಕಟ್ಟೋ ಗಂಟು ಇದು. ಕಡಲೆಕಾಯಿ ಬೆಳೆಯೋ ಮನೆ ಹುಡುಗಿಗೆ ಇದು ಬರಲ್ಲ, ಈಗ ತಾನೇ ನೋಡಿದ್ರಲ್ಲ. ಬೀಗ ಮುಟ್ಟದೆ ಒಳಗೆ ಬರೋಕೆ ಈ ಚಿಲಕ ಒಂದೇ ದಾರಿ."

ಕೊಂಡಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು. "ಈ ಮಗೀಗೆ ಕತ್ತೆಲ್ಲ ಗಂದೆ ಎದ್ದಿತ್ತಪ್ಪ. ನಮ್ಮೂರಲ್ಲಿ ರೇಷ್ಮೆ ಅಂಟು ಬಿಡಿಸ್ದಂಗೆ ಭಾನುವಾರ ಬಿಸಿ ಸೋಪುನೀರಲ್ಲಿ ಅದ್ದಿ ತೆಗ್ದೆ. ಬೆಳಿಗ್ಗೆ ಇವ್ರು ಕೂಗಾಡಿದ್ರು ನೋಡು, ನನಗೆ ಬಾಯೇ ಬರ್ಲಿಲ್ಲ." ಕದಿರಮ್ಮ ಎದ್ದು ಹೋಗಿ ಅವರ ಕೈ ಹಿಡಿದುಕೊಂಡಳು.

"ಮುಂದಿನ ಸಲ ಹಿಂಗೆ ಮಾಡಿ ತಾಯಿ," ಎಂದ ಆವುಲಪ್ಪ. "ಮೊದ್ಲು ಪಿನ್ನು ಕಿತ್ತಿಡಿ. ಬಟ್ಟೇನ ಸೋಪುನೀರಲ್ಲಿ ಅದ್ದಿ, ಹನಿ ಬೀಳದಂಗೆ ಹಿಂಡಿ, ವೈರನ್ನ ಜಗ್ಗದೆ ಒರೆಸಿ. ಆಮೇಲೆ ಒಣಬಟ್ಟೆ, ಆಮೇಲೆ ಗಾಳಿ. ಎರಡು ತುದಿಗೂ ನೀರು ಸೋಕಬಾರ್ದು."

ತುದಿಗಳನ್ನೆಲ್ಲ ಬಿಚ್ಚಿ ಆರಲು ಇಟ್ಟರು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಎರಡು ಹಾಗೇ ಸತ್ತಿದ್ದವು, ಒಂದಕ್ಕೆ ಜೀವ ಬಂದಿತ್ತು. ಕದಿರಮ್ಮ ಅದನ್ನು ಕಿವಿಗಿಟ್ಟುಕೊಂಡು ಪೆನ್ಸಿಲ್ ಹಿಡಿದಳು. ಬಾಯಲ್ಲಿ ಆಡಲಾರದ ಮಾತನ್ನು ಮೇಷ್ಟ್ರು ತಲೆ ತಗ್ಗಿಸಿ ತಂತಿಯ ಕೀಲಿಯ ಮೇಲೆ ಕಟ್ಟುಕಡ ಬಡಿದರು. ವೆಂಕಟರಾಮಪ್ಪನವರು ಇಣುಕಿ ನೋಡಿದರು. 'ತಪ್ಪು ನನ್ನದು, ನಾಳೆ ಹೋಗಿ ಬಾ' ಎಂದು ಇಂಗ್ಲಿಷಿನಲ್ಲಿ ಒಂದಕ್ಷರವೂ ಬಿಡದೆ ಅವಳು ಬರೆದುಕೊಂಡ ಹಾಳೆಯ ಮೇಲಿತ್ತು.

ಕದಿರಮ್ಮ ಹಾಳೆಯನ್ನು ಮಡಿಚಿಟ್ಟುಕೊಂಡಳು.

"ಸರಿಯಾಗಿ ಕೇಳಿಸ್ಲಿಲ್ಲ ಮೇಷ್ಟ್ರೇ," ಎಂದಳು. "ಇನ್ನೊಂದ್ಸಲ ಬಡೀರಿ."