ಪುಕ್ಕಟೆ ಚಿಪ್ಪುಗಳ ಮೇಜು

ವಾಸುದೇವ ಹನ್ನೆರಡು ಜನರ ಎದುರಿಗೆ ತ್ರಿವಿಕ್ರಮನಿಗೆ ಪೋಕರ್ ಹೇಳಿಕೊಟ್ಟ. ಅದಕ್ಕೆ ದಂಡ ವಸೂಲಿ ಮಾಡಲೇಬೇಕೆಂದು ತ್ರಿವಿಕ್ರಮ ಅಲ್ಲೇ, ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡೇ ತೀರ್ಮಾನಿಸಿದ.

ಅದು 2013ರ ಮಾರ್ಚ್ ತಿಂಗಳು. ವಾಷಿಂಗ್ಟನ್ ರಾಜ್ಯದ ಮರ್ಸರ್ ಐಲ್ಯಾಂಡಿನಲ್ಲಿ ವಾಸುದೇವನ ಹೊಸ ಮನೆಯ ಗೃಹಪ್ರವೇಶ. ಕಂಪನಿಯ ಶೇರು ಮಾರಿ ಸರೋವರದ ದಂಡೆಗೇ ಮನೆ ಕಟ್ಟಿಸಿದ್ದ ಆಸಾಮಿ ಊಟದ ನಡುವೆ ಫೋನ್ ತೆಗೆದು ಎಲ್ಲರಿಗೂ ತೋರಿಸಿದ.

"ನೋಡ್ರಪ್ಪಾ, ಎರಡು ಕೋಟಿ ನಲವತ್ತು ಲಕ್ಷ ಚಿಪ್ಸು! ಪೋಕರ್ ಅಂದ್ರೆ ಧೈರ್ಯ. ಹಿಂದೆಮುಂದೆ ನೋಡ್ದೆ ಒಳಗೆ ತಳ್ತಾ ಇರ್ಬೇಕು. ತ್ರಿವಿಕ್ರಮ, ನಿನ್ನಂಥೋರಿಗೆ ಅದು ಬರಲ್ಲ ಬಿಡು, ತುಂಬಾ ಯೋಚ್ನೆ ಮಾಡ್ತೀರ."

ಎಲ್ಲರೂ ನಕ್ಕರು. ತ್ರಿವಿಕ್ರಮನ ಆಫೀಸಿನಲ್ಲೇ ಕೆಲಸ ಮಾಡುವ ಸುಹಾಸ್ ನಕ್ಕ. ತ್ರಿವಿಕ್ರಮನ ಹೆಂಡತಿ ವಸಂತಲಕ್ಷ್ಮಿಯೂ ನಕ್ಕಳು.

ಎರಡು ಕೋಟಿ ಅಂತೆ! ಅಷ್ಟೂ ಪೋಕರ್ ವೆಬ್‌ಸೈಟಿನವರು ಪುಕ್ಕಟೆ ಹಂಚುವ ಆಟದ ಚಿಪ್ಪುಗಳು. ಕಳೆದುಕೊಂಡರೆ ಒಂದು ಗುಂಡಿ ಒತ್ತಿದರೆ ಸಾಕು, ಮತ್ತೆ ಬೊಗಸೆ ತುಂಬುತ್ತವೆ. ತ್ರಿವಿಕ್ರಮ ನಾಲ್ಕು ವರ್ಷ ನಿಜವಾದ ಡಾಲರಿನ ಮೇಜುಗಳಲ್ಲಿ ಆಡಿದವನು. ಶೋರ್‌ಲೈನ್ ಊರಿನ ತನ್ನ ಮನೆಗೆ ಮುಂಗಡ ಕಟ್ಟಿದ್ದೇ ಆ ದುಡ್ಡಿನಿಂದ. ವಾಷಿಂಗ್ಟನ್ ರಾಜ್ಯದಲ್ಲಿ ಆನ್‌ಲೈನ್ ಜೂಜು ಅಪರಾಧವೆಂದು ಸೈಟುಗಳು ಇಲ್ಲಿನವರಿಗೆ ಬಾಗಿಲು ಹಾಕಿಕೊಂಡ ಮೇಲೆ, ಸೌತ್ ಲೇಕ್ ಯೂನಿಯನ್ನಿನ ಆಫೀಸಿನಲ್ಲಿ ಎಲ್ಲರಂತೆ ಕೋಡು ಬರೆಯುತ್ತ ಕೂತಿದ್ದ. ಅವನಿಗೆ ಈ ಮನುಷ್ಯ ಪಾಠ ಹೇಳುವುದು!

ಪುಕ್ಕಟೆ ಮೇಜಿನವರನ್ನು ಅವನು ಎಂದೂ ಆಟಗಾರರೆಂದು ಎಣಿಸಿರಲಿಲ್ಲ. ಅಲ್ಲಿ ಯಾರೂ ಸೋಲೊಪ್ಪಿ ಎಲೆ ಕೆಳಗಿಡುವುದಿಲ್ಲ. ಕಳೆದುಕೊಳ್ಳಲು ಏನೂ ಇಲ್ಲದವನು ಯಾವ ಬೆದರಿಕೆಗೂ ಬಗ್ಗುವುದಿಲ್ಲ, ಹಾಗಾಗಿ ಅಲ್ಲಿ ಕೈಯಲ್ಲಿ ಒಳ್ಳೆಯ ಎಲೆ ಇದೆಯೆಂಬ ಸುಳ್ಳಿಗೆ ಬೆಲೆಯೇ ಇಲ್ಲ. ಅದೇ ಮನುಷ್ಯನ ಎದುರಿಗೆ ಅವನದೇ ನೂರು ಡಾಲರ್ ಇಟ್ಟು ನೋಡಿ; ಧೈರ್ಯವೆಲ್ಲ ಇಳಿದು ಭಯ ಬಂದು ಕೂರುತ್ತದೆ. ತ್ರಿವಿಕ್ರಮನಿಗೆ ಬೇಕಾಗಿದ್ದುದು ಆ ಭಯ.

ಒಂದು ವಾರ ಬಿಟ್ಟು ಅವನೇ ಫೋನ್ ಮಾಡಿದ. "ಸರ್, ನಿಮ್ಮ ಹತ್ರ ಕಲೀಬೇಕು ಅಂತ ಆಸೆ. ಆ ಸೈಟಲ್ಲೇ ನಮ್ದೇ ಒಂದು ಕ್ಲಬ್ ಮಾಡ್ಕೊಳ್ಳೋಣ. ಚಿಪ್ಸು ಪುಕ್ಕಟೆದೇ. ಸಾವಿರಕ್ಕೆ ಒಂದು ಡಾಲರ್ ಅಂತ ನಮ್ಮನಮ್ಮಲ್ಲೇ ಮಾತು, ಚೆಕ್‌ನಲ್ಲಿ ಕೊಟ್ಕೊಳ್ಳೋದು."

"ಅಯ್ಯೋ, ನಿಂಗೆ ಲಾಸ್ ಆಗುತ್ತಲ್ಲಯ್ಯಾ," ಎಂದು ವಾಸುದೇವ ನಿಜವಾಗಿಯೂ ಮರುಕಪಟ್ಟ. ಆ ಮರುಕಕ್ಕೂ ತ್ರಿವಿಕ್ರಮ ಮನಸ್ಸಿನಲ್ಲೇ ಒಂದು ಬೆಲೆ ಕಟ್ಟಿದ.

ಕ್ಲಬ್ಬಿಗೆ ನಾಲ್ಕು ಜನ: ವಾಸುದೇವ, ಸುಹಾಸ್, ತ್ರಿವಿಕ್ರಮ, ಮತ್ತು ಪೋರ್ಟ್‌ಲ್ಯಾಂಡಿನಲ್ಲಿರುವ ತ್ರಿವಿಕ್ರಮನ ಚಿಕ್ಕಪ್ಪನ ಮಗ ಅಭಿಲಾಷ್. ಹಾಗೊಬ್ಬ ಚಿಕ್ಕಪ್ಪನ ಮಗ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಅವನು ತ್ರಿವಿಕ್ರಮನ ಎಡಗೈ ಪಕ್ಕದ ಎರಡನೆಯ ಲ್ಯಾಪ್‌ಟಾಪಿನಲ್ಲಿದ್ದ. ಅದಕ್ಕೆ ಬೇರೆ ಇಂಟರ್ನೆಟ್, ಬೇರೆ ಇಮೇಲ್. ಚಾಟಿನಲ್ಲಿ ಬರೆಯಲು ಬೇರೆ ಬಗೆಯ ಕಾಗುಣಿತದ ತಪ್ಪುಗಳು. ಅವನ ಸೋಲನ್ನು ತಾನೇ ಭರಿಸುವುದಾಗಿ ತ್ರಿವಿಕ್ರಮ ಮೊದಲೇ ಹೇಳಿದ್ದ.

ಒಬ್ಬನೇ ಎರಡು ಕೈ ಎಲೆ ನೋಡುತ್ತಿದ್ದರೆ ಗೆಲುವು ಕಷ್ಟವಲ್ಲ. ಆದರೆ ಅವನ ಹೆಮ್ಮೆ ಅದಲ್ಲ. ಅಭಿಲಾಷ್ ಎಂದೂ ಗೆಲ್ಲಬಾರದು ಎಂಬ ನಿಯಮವೇ ಅವನ ಹೆಮ್ಮೆ. ಮೋಸಗಾರ ಗೆಲ್ಲುತ್ತಾನೆಂದು ಜನ ಕಾಯುತ್ತಾರೆ, ಸೋಲುವವನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅಭಿಲಾಷ್ ಒಂದು ಕಡೆಯಿಂದ, ತ್ರಿವಿಕ್ರಮ ಇನ್ನೊಂದು ಕಡೆಯಿಂದ ಪಣ ಏರಿಸಬೇಕು. ನಡುವೆ ಸಿಕ್ಕಿಕೊಂಡ ವಾಸುದೇವ ಅಷ್ಟಿಷ್ಟು ಹಾಕಿ ಹೆದರಿ ಬಿಡಬೇಕು. ಆಮೇಲೆ ಅಭಿಲಾಷ್ ತಾನೂ ಎಲೆ ಕೆಳಗಿಟ್ಟುಬಿಡುತ್ತಾನೆ, ಪಣವೆಲ್ಲ ಉಳಿದ ತ್ರಿವಿಕ್ರಮನಿಗೆ. ಕೆಳಗಿಟ್ಟ ಎಲೆ ಏನಾಗಿತ್ತೆಂದು ಯಾರಿಗೆ ಗೊತ್ತು? ಅನುಮಾನ ಬಂದರೂ ವಾಸುದೇವ ಪೊಲೀಸರ ಬಳಿ ಹೋಗುವಂತಿಲ್ಲ; ಮೊದಲು ತಾನೇ ಜೂಜಾಡಿದ್ದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಮೊದಲ ಶನಿವಾರ ಮಧ್ಯಾಹ್ನ ಅಭ್ಯಾಸಕ್ಕೆಂದು ದುಡ್ಡಿಲ್ಲದೆ ಆಡಿದರು. ವಾಸುದೇವ ಒಂದೊಂದು ಸೆಕೆಂಡಿಗೆ ಒಂದೊಂದು ಲಕ್ಷ ತಳ್ಳಿದ. ಮುಂದಿನ ವಾರ ಡಾಲರಿನ ಲೆಕ್ಕ ಶುರುವಾದದ್ದೇ ತಡ, ಅದೇ ಬೆರಳು ಇಪ್ಪತ್ತು ಸೆಕೆಂಡು ಗಾಳಿಯಲ್ಲಿ ನಿಲ್ಲತೊಡಗಿತು. ಪ್ರತಿ ಸರದಿಗೂ ಮೂವತ್ತು ಸೆಕೆಂಡು ಎಣಿಸುತ್ತ ಪರದೆಯ ಮೇಲೆ ಓಡುವ ಗಡಿಯಾರವನ್ನು ತ್ರಿವಿಕ್ರಮ ಕಾಫಿ ಕುಡಿಯುತ್ತ ನೋಡಿದ. ಎರಡು ಕೋಟಿಯ ವೀರ ಅರವತ್ತು ಡಾಲರಿಗೆ ಬೆವರುತ್ತಿದ್ದ!

ಹೀಗೆ ಏಳು ವಾರ ನಡೆಯಿತು. ಸುಹಾಸ್ ಮೂರು ಸಾವಿರ ಕಳೆದುಕೊಂಡು, ಸೋಮವಾರ ಆಫೀಸಿನಲ್ಲಿ "ಗುರೂ, ನಿನ್ ಲಕ್ ಸೂಪರ್," ಎಂದು ಹಲ್ಲುಕಿರಿದ. ಎಂಥ ಕುರಿ, ಎಂದುಕೊಂಡ ತ್ರಿವಿಕ್ರಮ. ಎಂಟನೆಯ ಶನಿವಾರ ದೊಡ್ಡ ಕೈ ಬಂತು. ಅಭಿಲಾಷನಿಗೆ ಕೈಯಲ್ಲಿ ಎರಡು, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಎಲೆಗಳಲ್ಲಿ ಒಂದು, ಒಟ್ಟು ಮೂರು ರಾಜರು. ತ್ರಿವಿಕ್ರಮನ ಬಳಿ ಇದ್ದುದು ಕೆಲಸಕ್ಕೆ ಬಾರದ ಒಂದು ಏಳು, ಒಂದು ಎರಡು. ಇಬ್ಬರೂ ಸೇರಿ ಪಣ ಏರಿಸಿದರು. ವಾಸುದೇವ ನಾಲ್ಕು ಸಾವಿರ ಡಾಲರಿನಷ್ಟು ಹಾಕಿ, ಇಪ್ಪತ್ತೊಂಬತ್ತು ಸೆಕೆಂಡು ಒದ್ದಾಡಿ, ಎಲೆ ಬಿಟ್ಟ. ಮರುಕ್ಷಣ ತ್ರಿವಿಕ್ರಮ ಎಡಗೈಯಿಂದ ಮೂರು ರಾಜರ ಆ ಆಟವನ್ನು ಕೆಳಗಿಟ್ಟು, ಬಲಗೈಯಿಂದ ಗುಡ್ಡೆಯನ್ನು ಎಳೆದುಕೊಂಡ. ಏಳು ಮತ್ತು ಎರಡಕ್ಕೆ ಇಷ್ಟು ದುಡ್ಡು ಡಾಲರಿನ ಮೇಜಿನಲ್ಲೂ ಅವನಿಗೆ ಸಿಕ್ಕಿರಲಿಲ್ಲ.

ವಾಸುದೇವನ ಒಟ್ಟು ಬಾಕಿ ಹನ್ನೊಂದು ಸಾವಿರ ಡಾಲರ್. "ಭಾನುವಾರ ಊಟಕ್ಕೇ ಬಾರಯ್ಯಾ, ಚೆಕ್ ಕೈಯಲ್ಲೇ ಕೊಡ್ತೀನಿ," ಎಂದ. ದನಿಯಲ್ಲಿ ಗೃಹಪ್ರವೇಶದ ದಿನದ ಗತ್ತು ಇರಲಿಲ್ಲ. ಆ ದನಿ ಕೇಳಲೆಂದೇ ತ್ರಿವಿಕ್ರಮ ಎರಡು ತಿಂಗಳು ದುಡಿದಿದ್ದ.

ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸೇತುವೆ ದಾಟಿ ಹೋದ. ಊಟದ ಮೇಜಿನ ಬಳಿ ಸುಹಾಸನೂ ಕೂತಿದ್ದ, ನಗಲಿಲ್ಲ. ವಾಸುದೇವ ಕಿಟಕಿಯಾಚೆ ನೀರು ನೋಡುತ್ತಿದ್ದ. ಚೆಕ್ ಪುಸ್ತಕ ಎಲ್ಲೂ ಕಾಣಲಿಲ್ಲ. ವಾಸುದೇವನ ಹೆಂಡತಿ ಪ್ರೇಮಮ್ಮ ಅಡುಗೆಮನೆಯಿಂದ ಬಂದು, ಮಡಿಸಿದ ಕಾಗದಗಳ ಒಂದು ಕಟ್ಟನ್ನು ತಟ್ಟೆಯ ಪಕ್ಕ ಇಟ್ಟರು. ಅವರನ್ನು ತ್ರಿವಿಕ್ರಮ ಇದುವರೆಗೆ ಪಾಯಸ ಬಡಿಸುವ ಕೈಯಾಗಿ ಮಾತ್ರ ಬಲ್ಲ.

"ನಂಗೆ ಪೋಕರ್ ತಿಳಿಯಲ್ಲಪ್ಪ, ನಾನು ರಮ್ಮಿ ಆಡೋಳು," ಎಂದರು ಪ್ರೇಮಮ್ಮ. "ಅಷ್ಟೊಂದು ದುಡ್ಡು ಹೆಂಗೋಯ್ತು ಅಂತ ಆ ಸೈಟಿಂದ ಇವರಿಗೆ ಬಂದಿದ್ದ ಇಮೇಲೆಲ್ಲ ತೆಗೆದು ಪ್ರಿಂಟ್ ಮಾಡ್ದೆ. ಒಂದು ವಿಷಯ ಮಾತ್ರ ಅರ್ಥ ಆಗ್ಲಿಲ್ಲ. ನಿಮ್ಮ ಅಭಿಲಾಷ್ ಮೂರು ರಾಜರನ್ನ ಇಟ್ಕೊಂಡು, ನಿಮ್ಮ ಏಳು-ಎರಡಕ್ಕೆ ಹೆದರಿ ಯಾಕೆ ಬಿಟ್ಟ? ಎಂಟು ವಾರಾನೂ ಹಿಂಗೇ ಬಿಟ್ಟಿದಾನೆ. ಫೋನ್ ಮಾಡಿ ಕೊಡಿ, ಅವನನ್ನೇ ಕೇಳೋಣ."

ತ್ರಿವಿಕ್ರಮ ಮೇಲಿನ ಹಾಳೆ ಎತ್ತಿಕೊಂಡ. ಡಾಲರಿನ ಮೇಜಿನಲ್ಲಿ ಕೆಳಗಿಟ್ಟ ಎಲೆಯನ್ನು ಸೈಟು ಯಾರಿಗೂ, ಎಂದಿಗೂ ತೋರಿಸುವುದಿಲ್ಲ. ಅಲ್ಲಿ ಅದು ಆಟಗಾರನ ಆಸ್ತಿ. ಪುಕ್ಕಟೆ ಚಿಪ್ಪುಗಳ ಕ್ಲಬ್ಬು ಇರುವುದು ಕಲಿಯುವವರಿಗಾಗಿ. ಹಾಗಾಗಿ ಆಟ ಮುಗಿದ ಮರುದಿನ ಬೆಳಿಗ್ಗೆ, ಕೆಳಗಿಟ್ಟದ್ದನ್ನೂ ಬಿಡದೆ ಎಲ್ಲರ ಎಲೆಗಳನ್ನೂ ಬರೆದು ಸೈಟು ಪ್ರತಿಯೊಬ್ಬ ಸದಸ್ಯನಿಗೂ ಕಳಿಸುತ್ತದೆ, 'ನಿಮ್ಮ ತಪ್ಪುಗಳಿಂದ ಕಲಿಯಿರಿ' ಎಂಬ ತಲೆಬರಹದೊಂದಿಗೆ. ವಾರ ವಾರವೂ ಅದು ಅವನಿಗೂ ಬಂದಿತ್ತು, ಅಭಿಲಾಷನಿಗೂ ಬಂದಿತ್ತು. ಆಟ ಬಾರದವರಿಗೆ ಬರೆದ ಕಾಗದವೆಂದು ಅವನು ಒಂದನ್ನೂ ತೆರೆದಿರಲಿಲ್ಲ.