ಕಂದು ಹರಳಿನ ಸಾಕ್ಷಿ

ಅಕ್ಕ ಕೊಟ್ಟ ಮೂತ್ರಪಿಂಡ ಹನ್ನೊಂದನೇ ವಾರಕ್ಕೆ ಕೈಕೊಡತೊಡಗಿತು. ಸೋಮವಾರ ಬೆಳಿಗ್ಗೆ ಬಂದ ರಕ್ತಪರೀಕ್ಷೆಯ ಚೀಟಿಯಲ್ಲಿ ಕ್ರಿಯೇಟಿನಿನ್ 3.8. ಮೂರು ವಾರದ ಹಿಂದೆ ಅದು 1.3 ಇತ್ತು. ಅದು ಏರಿದಷ್ಟೂ ಮೂತ್ರಪಿಂಡ ಸೋತಂತೆ.

ರೋಗಿ ಗಡಿಯಾರ ರಿಪೇರಿಯವನು. ವಯಸ್ಸು ಮೂವತ್ತೆಂಟು. ಹುಟ್ಟಿನಿಂದ ಬಂದ ಎರಡೂ ಮೂತ್ರಪಿಂಡಗಳನ್ನು ಕಲ್ಲುಗಳು ಹಾಳುಮಾಡಿದ್ದವು. ಈಗ ಮೂರನೆಯದರ ಸರದಿ. ಇನ್ನೊಂದು ಕೊಡಬಲ್ಲವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

ವೈದ್ಯರಿಗೆ ಎರಡು ಅನುಮಾನ. ದೇಹವೇ ಹೊಸ ಅಂಗವನ್ನು ತಿರಸ್ಕರಿಸುತ್ತಿರಬೇಕು. ಇಲ್ಲವೇ ಮಾತ್ರೆ ತಪ್ಪಿರಬೇಕು. ಮಾತ್ರೆ ಕೊಡುವವಳು ಹೆಂಡತಿ.

"ಕಿಡ್ನಿ ಕೊಟ್ಟೋಳು ನಾನು. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡೋದೂ ನಿನ್ ಕೈಲಿ ಆಗ್ಲಿಲ್ವಾ?" ಎಂದಳು ಅಕ್ಕ.

ಹೆಂಡತಿ ಹನ್ನೊಂದು ವಾರದ ಖಾಲಿ ಮಾತ್ರೆಪಟ್ಟಿಗಳನ್ನು ದಾರದಲ್ಲಿ ಕಟ್ಟಿ ಇಟ್ಟಿದ್ದಳು. ಅದನ್ನು ತಂದು ಮೇಜಿನ ಮೇಲಿಟ್ಟಳು.

ಸಂಜೆಯೊಳಗೆ ಎರಡೂ ಅನುಮಾನಗಳು ಬಿದ್ದುಹೋದವು. ರಕ್ತದಲ್ಲಿ ಔಷಧಿಯ ಪ್ರಮಾಣ ಸರಿಯಾಗಿತ್ತು. ಮೂತ್ರಪಿಂಡದಿಂದ ತೆಗೆದ ಚೂರಿನಲ್ಲಿ ತಿರಸ್ಕಾರದ ಗುರುತಿರಲಿಲ್ಲ. ಇದ್ದದ್ದು ಒಂದಷ್ಟು ಹರಳು. 'ಹಳೆಯ ಯೂರಿಕ್ ಆಮ್ಲದ ಕಲ್ಲು ಮರುಕಳಿಸಿರಬಹುದು' ಎಂದು ಬರೆದು, ಮೂತ್ರದ ಮಾದರಿಯನ್ನು ಕೆಳಗಿನ ಪ್ರಯೋಗಾಲಯಕ್ಕೆ ಕಳಿಸಿದರು.

ಪ್ರಯೋಗಾಲಯದ ಹಿರಿಯ ತಂತ್ರಜ್ಞೆಗೆ ಮೂವತ್ತೊಂದು ವರ್ಷದ ಸರ್ವಿಸು. ಬೆನ್ನ ಹಿಂದೆ ಎಲ್ಲರೂ ಅವರನ್ನು ಭೂತಗನ್ನಡಿ ಮೇಡಂ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಅವರು ಚೀಟಿ ಓದಿದರು. ಅದೇ ರೋಗಿಯ ಒಂಬತ್ತು ವರ್ಷದ ಹಿಂದಿನ ಕಡತ ತರಿಸಿ ನೋಡಿದರು. ಆಮೇಲೆ ಮೆಟ್ಟಿಲು ಹತ್ತಿ ವಾರ್ಡಿಗೇ ಬಂದರು.

"ಕಲ್ಲು ಕರಗೋಕೆ ಅಂತ ಸೋಡಾ ಪುಡಿ ಕೊಟ್ಟಿದ್ರಲ್ಲ — ಕುಡಿದ್ರಾ?"

"ವರ್ಷಗಟ್ಲೆ ಕುಡಿದಿದೀನಿ ಮೇಡಂ."

"ಕರಗ್ತಾ?"

"ಕರಗೋದಿರ್ಲಿ, ಮರಿ ಹಾಕ್ತು."

ಮೇಡಂ ನಗಲಿಲ್ಲ. ಮೂತ್ರಪಿಂಡ ಚೆನ್ನಾಗಿದ್ದ ಕಾಲದ ರಕ್ತದ ಚೀಟಿಗಳಿವೆಯೇ ಎಂದು ಕೇಳಿದರು. ಹೆಂಡತಿ ಆರು ಚೀಟಿ ತೆಗೆದುಕೊಟ್ಟಳು. ಒಂದರಲ್ಲೂ ಯೂರಿಕ್ ಆಮ್ಲ ಹೆಚ್ಚಿರಲಿಲ್ಲ.

"ಇವರು ಕೂಸಾಗಿದ್ದಾಗ ಬಟ್ಟೆ ಒಗೀತಿದ್ದೋರು ಯಾರು?"

"ನಾನೇ," ಎಂದಳು ಅಕ್ಕ. "ಇವನಿಗಿಂತ ಹನ್ನೆರಡು ವರ್ಷ ದೊಡ್ಡೋಳು. ಯಾಕೆ?"

"ಕಲೆ ಏನಾದ್ರೂ ಇರ್ತಿತ್ತಾ?"

ಅಕ್ಕ ಯೋಚಿಸಿದಳು. "ಇರ್ತಿತ್ತು. ಇಟ್ಟಿಗೆ ಪುಡಿ ಹಾಗೆ, ಕೆಂಪುಕಂದು. ಎಷ್ಟು ಉಜ್ಜಿದ್ರೂ ಹೋಗ್ತಿರ್ಲಿಲ್ಲ. ಸೋಪೇ ಸರಿ ಇಲ್ಲ ಅಂದ್ಕೊಂಡಿದ್ದೆ."

ಮೇಡಂ ಕೆಳಗಿಳಿದರು. ಡ್ರಾಯರಿನಲ್ಲಿ ಹತ್ತಿ ಸುತ್ತಿಟ್ಟಿದ್ದ, ಬೆಳಕನ್ನು ಒಂದೇ ದಿಕ್ಕಿಗೆ ಸೋಸುವ ಎರಡು ಧ್ರುವಕ ಗಾಜುಗಳನ್ನು ಸೂಕ್ಷ್ಮದರ್ಶಕಕ್ಕೆ ಹಾಕಿದರು. ಮೂತ್ರದ ಹನಿಯಲ್ಲಿ ದುಂಡನೆಯ ಕಂದು ಹರಳುಗಳು. ಒಂದು ಗಾಜು ತಿರುಗಿಸಿದಾಗ ಹಿನ್ನೆಲೆ ಕಪ್ಪಾಯಿತು. ಹಲವು ಹರಳುಗಳ ಮೇಲೆ ಬೆಳಕಿನ ಗೆರೆಗಳು ಕೂಡಿಸುವ ಗುರುತಿನಂತೆ ಮೂಡಿದವು. ಯೂರಿಕ್ ಆಮ್ಲದ ಹರಳು ಹೀಗೆ ಕಾಣುವುದಿಲ್ಲ.

ವೈದ್ಯರು ಬಂದು ಕಣ್ಣಿಟ್ಟು ನೋಡಿದರು. ಅಂದೇ ಹರಳು ತಡೆಯುವ ಅಲೋಪ್ಯುರಿನಾಲ್ ಮಾತ್ರೆ ಶುರುವಾಯಿತು. ಖಚಿತಪಡಿಸಲು ರಕ್ತ ಬೇರೆ ಪ್ರಯೋಗಾಲಯಕ್ಕೆ ಹೋಯಿತು. ಒಂಬತ್ತನೇ ದಿನ ಫಲಿತಾಂಶ ಬಂತು. ಮೇಡಂ ಎಲ್ಲರನ್ನೂ ಕೂರಿಸಿಕೊಂಡರು.

"ಹಳೇ ಗಡಿಯಾರದ ಒಳ್ಳೇ ಸ್ಕ್ರೂ ಬಿಸಾಡ್ತೀರಾ?"

"ಎಲ್ಲಾದ್ರೂ ಉಂಟಾ ಮೇಡಂ? ಡಬ್ಬೀಲಿ ಎತ್ತಿಟ್ಟು ಇನ್ನೊಂದಕ್ಕೆ ಹಾಕ್ತೀನಿ."

"ನಮ್ಮ ಜೀವಕೋಶಾನೂ ಹಾಗೇ ಮಾಡುತ್ತೆ. ಅಡೆನಿನ್ ಅನ್ನೋ ವಸ್ತು ಉಳಿದ್ರೆ ಎತ್ತಿಟ್ಟು ಮತ್ತೆ ಬಳಸುತ್ತೆ. ಆ ಕೆಲಸಕ್ಕೆ ಎಪಿಆರ್‌ಟಿ ಅಂತ ಒಂದು ಕಿಣ್ವ ಇದೆ. ನಿಮ್ಮಲ್ಲಿ ಅದು ಸೊನ್ನೆ. ಹುಟ್ಟಿನಿಂದ್ಲೇ. ಉಳಿದ ಅಡೆನಿನ್ನು ಬೇರೆ ದಾರಿ ಹಿಡಿದು ಹರಳಾಗುತ್ತೆ, ಕಿಡ್ನೀಲಿ ಕೂರುತ್ತೆ. ಅಕ್ಕನ ಕಿಡ್ನಿಗೂ ಅದೇ ಆಗಿದ್ದು. ಈ ಮಾತ್ರೆ ಆ ದಾರೀನ ಮುಚ್ಚುತ್ತೆ."

"ಹಾಗಿದ್ರೆ ಯೂರಿಕ್ ಆಮ್ಲ ಅಂತ ಇತ್ತಲ್ಲ?" ಎಂದ ಗಡಿಯಾರದವನು.

"ಸುಳಿವು ಅಲ್ಲೇ ಇತ್ತು. ಯೂರಿಕ್ ಆಮ್ಲದ ಕಲ್ಲು ಸೋಡಾಕ್ಕೆ ಕರಗಬೇಕು. ಇದು ಕರಗ್ಲಿಲ್ಲ. ಕಲ್ಲಿನ ಪುಡಿಗೆ ರಾಸಾಯನಿಕ ಹಾಕಿ ಬಣ್ಣ ನೋಡೋದು ನಮ್ಮ ಪದ್ಧತಿ. ಎರಡು ಕಲ್ಲಿಗೂ ಒಂದೇ ಬಣ್ಣ ಬರುತ್ತೆ. ಬಣ್ಣ ಬಂದ ತಕ್ಷಣ ಚೀಟಿ ಬರೆದ್ರು. ಆಮೇಲೆ ಬಂದೋರೆಲ್ಲ ಆ ಚೀಟೀನೇ ನಕಲು ಮಾಡಿದ್ರು."

"ಯಾರವರು, ಹಾಗೆ ಬರೆದೋರು?" ಅಕ್ಕನ ದನಿ ಗಡುಸಾಯಿತು.

ಮೇಡಂ ಹಳೆಯ ಚೀಟಿಯನ್ನು ಮೇಜಿನ ಮೇಲಿಟ್ಟರು. ಕೆಳಗೆ ಅವರದೇ ಸಹಿ.

"ನಾನು. ಅವತ್ತು ಈ ಗಾಜು ಹಾಕಿ ನೋಡಿದ್ರೆ ನಿಮ್ಮ ಮೊದಲಿನ ಎರಡು ಕಿಡ್ನೀನೂ ಉಳೀತಿದ್ವೇನೋ."

ಅಕ್ಕ ಸಹಿಯನ್ನೂ ತಾರೀಖನ್ನೂ ಓದಿದಳು. ಆಮೇಲೆ, ಜಗಳದ ದಿನದಿಂದ ತಾನೇ ಇಟ್ಟುಕೊಂಡಿದ್ದ ಮಾತ್ರೆ ಡಬ್ಬಿಯನ್ನು ತಮ್ಮನ ಹೆಂಡತಿಯ ಕಡೆ ಸರಿಸಿದಳು. "ನೀನೇ ಇಟ್ಕೊಳಮ್ಮ. ನಾನು ಅವತ್ತು ಹಾಗನ್ನಬಾರದಿತ್ತು."

"ಇನ್ನೊಂದು ಮಾತ್ರೆ ಸೇರ್ತಲ್ಲ ಅತ್ತಿಗೆ," ಎಂದಳು ಅವಳು. "ದೊಡ್ಡ ಡಬ್ಬೀನೇ ಬೇಕು. ನೀವೇ ಕೊಡಿಸಿ."

ಹೊಸ ಮಾತ್ರೆ ಶುರುವಾದ ಏಳನೇ ವಾರ ಕ್ರಿಯೇಟಿನಿನ್ 1.4ಕ್ಕೆ ಇಳಿಯಿತು. ಮೂತ್ರದ ಹನಿಯಲ್ಲಿ ಒಂದೂ ಹರಳಿರಲಿಲ್ಲ. ಮೇಡಂ ಎರಡು ಸಲ ನೋಡಿದರು. ಹಳೆಯ ಚೀಟಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಕಲ್ಲಿನ ನಿಜವಾದ ಹೆಸರು ಬರೆದರು. ಕೆಳಗೆ ಮತ್ತೊಮ್ಮೆ, ಮೊದಲಿಗಿಂತ ದೊಡ್ಡದಾಗಿ, ಸಹಿ ಹಾಕಿದರು. ಧ್ರುವಕ ಗಾಜುಗಳು ಡ್ರಾಯರಿಗೆ ಹಿಂದಿರುಗದೆ ಸೂಕ್ಷ್ಮದರ್ಶಕದಲ್ಲೇ ಉಳಿದವು.